ಬೆಳ್ಳಿ ಕಿರೀಟ ಮತ್ತು ಸಾಂತಾಕ್ರೂಸಿನ ಬಸ್ಸು

ಜೂನ್ ತಿಂಗಳು, ಬೆಟ್ಟದ ಮೇಲಿನ ಎಲ್ ಆಲ್ತೊದಲ್ಲಿ ನಲ್ಲಿ ನೀರು ಹೆಪ್ಪುಗಟ್ಟುವ ಚಳಿಗಾಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಠಾಣೆಗೆ ದೂರು ಬಂತು. ಕುಣಿತದ ಸಂಘದ ಗುಡಿಯಲ್ಲಿ ಮೇರಿಮಾತೆಯ ಬೆಳ್ಳಿ ಕಿರೀಟ ಕಾಣೆ. ಶನಿವಾರ ಬೆಳಗಿನ ಪೂಜೆಯಲ್ಲಿ ಪಾದ್ರಿಗಳು ಕಣ್ಣಾರೆ ನೋಡಿದ್ದರು, ಸಂಜೆಗೆ ಇರಲಿಲ್ಲ. ಇನ್ಸ್‌ಪೆಕ್ಟರ್ ನಿಕಾನೊರ್ ಚೋಕೆ ಎಫ್‌ಐಆರ್ ಬರೆಸಿ, ಸ್ಥಳದ ಪಂಚನಾಮೆ ಮಾಡಿಸಿದರು. ಬೀಗ ಮುರಿದಿರಲಿಲ್ಲ.

ಕೀಲಿಕೈ ಇದ್ದದ್ದು ಇಬ್ಬರ ಬಳಿ: ಕಾವಲಿನ ಮುದುಕಿ ಹಿಲಾರಿಯಾ, ಸಂಘದ ಕಾರ್ಯದರ್ಶಿ ರೆಂಬೆರ್ತೊ. ಅವನು ಶುಕ್ರವಾರ ಸಂಜೆಯೇ ಮದುವೆಗೆಂದು ಸಾಂತಾಕ್ರೂಸಿನ ಬಸ್ಸು ಹತ್ತಿದ್ದನ್ನು ಓಣಿಯೇ ನೋಡಿತ್ತು. ಉಳಿದವಳು ಮುದುಕಿ. ಸಂಘದವರು ಅವಳನ್ನು ಹಿಡಿದು ತಂದು ಠಾಣೆಗೆ ಒಪ್ಪಿಸಿದರು.

"ಒಂದು ಕಂಬಳಿನಾದ್ರೂ ಕೊಡ್ರಪ್ಪಾ," ಎಂದಳು ಹಿಲಾರಿಯಾ. "ಕಳ್ಳಿಗೂ ಚಳಿ ಆಗತ್ತೆ."

ಕಾನ್‌ಸ್ಟೆಬಲ್ ಉರ್ಬಾನೊ ತನ್ನ ಕೋಟನ್ನೇ ಕೊಟ್ಟ.

ಮಂಗಳವಾರ ರೆಂಬೆರ್ತೊ ಮರಳಿದ.

"ಶನಿವಾರ ಸಂಜೆ ಎಲ್ಲಿದ್ರಿ?" ಚೋಕೆ ಕೇಳಿದರು.

"ಮದುವೇಲಿ. ಫೋಟೊ ನೋಡಿ ಸಾಹೇಬ್ರೆ, ಮದುಮಗಳ ಪಕ್ಕದಲ್ಲೇ ಇದೀನಿ."

"ಹೋಗಿದ್ದು ಹೆಂಗೆ?"

"ಬಸ್ಸಲ್ಲಿ. ವಿಮಾನಕ್ಕೆ ಒಂದು ಗಂಟೆ ಸಾಕು, ನಂಗೆ ಆಕಾಶ ಅಂದ್ರೆ ಜೀವಭಯ. ನೆಲದ ಮೇಲೆ ಹದಿನೆಂಟು ಗಂಟೆ ಆದ್ರೂ ಪರವಾಗಿಲ್ಲ."

"ದಾರಿ?"

"ಬೆಣ್ಣೆ ಥರಾ ಇತ್ತು. ನಿದ್ದೇಲೇ ಮುಗೀತು. ಶನಿವಾರ ಮಧ್ಯಾಹ್ನ ಅಲ್ಲಿದ್ದೆ."

ಚೋಕೆಯವರಿಗೆ ಅದೇ ಚುಚ್ಚಿತು. ಈ ದೇಶದಲ್ಲಿ ಬಸ್ಸಿಳಿದವರು ಮೊದಲು ಹೇಳುವುದೇ ಯಾವ ಊರಿನವರು ಯಾತಕ್ಕೆ ದಾರಿಗೆ ಕಲ್ಲು ಹಾಕಿ ಮುಷ್ಕರ ಕೂತಿದ್ದರು ಎಂಬುದನ್ನು. ಕಲ್ಲಿರದಿದ್ದರೆ ಅದನ್ನೇ ಒಂದು ಸುದ್ದಿ ಮಾಡುತ್ತಾರೆ. ಅವರು ಆ ಬಸ್ಸಿನ ಚಾಲಕನಿಗೆ ಫೋನ್ ಮಾಡಿದರು.

"ಶನಿವಾರ ಮಧ್ಯಾಹ್ನವಾ?" ಚಾಲಕ ಗಹಗಹಿಸಿದ. "ತಗ್ಗಿನ ಊರಿನವ್ರು ಸೇತುವೆ ಬೇಕು ಅಂತ ದಾರಿ ಕಟ್ಟಿದ್ರು ಸಾಹೇಬ್ರೆ. ಒಂದು ನರಪಿಳ್ಳೆನೂ ದಾಟ್ಲಿಲ್ಲ. ಶನಿವಾರ ಪೂರ್ತಿ ಅವರ ಜತೇಲೇ ಗೆಣಸು ಬೇಯಿಸ್ಕೊಂಡು ತಿಂದ್ವಿ. ಸಾಂತಾಕ್ರೂಸ್ ಮುಟ್ಟಿದ್ದು ಭಾನುವಾರ. ನೀವು ಹೇಳೋ ಆಸಾಮಿ ಶುಕ್ರವಾರನೇ ಎಲ್ ಆಲ್ತೊ ಸುಂಕದ ಗೇಟಲ್ಲೇ ಇಳ್ಕೊಂಡ."

ಬಸ್ಸು ಕಲ್ಲುಗಳ ಹಿಂದೆ ನಿಂತಿದ್ದಾಗ ಅದರ ಪ್ರಯಾಣಿಕ ಮದುವೆಯಲ್ಲಿ ನಗುತ್ತಿದ್ದ. ಆಕಾಶದಲ್ಲಿ ಹಾರದೆ ಅದು ಆಗುವ ಮಾತಲ್ಲ. ವಿಮಾನ ನಿಲ್ದಾಣದ ಸಿಬ್ಬಂದಿ ಫೋಟೊ ನೋಡಿದೊಡನೆ ಗುರುತು ಹಿಡಿದರು: ಶನಿವಾರ ಮಧ್ಯಾಹ್ನ ಹೊರಟಿದ್ದ. ಅದಕ್ಕೆ ಮುಂಚೆ ಗುಡಿಗೆ ಹೋಗಿಬರಲು ಬೇಕಾದಷ್ಟು ಹೊತ್ತಿತ್ತು.

ಬುಧವಾರ ಅವನ ಮನೆ ಶೋಧಿಸಿದರು. ರಜಾಯಿಗಳ ನಡುವೆ ಕಿರೀಟ ಸಿಕ್ಕಿತು. ಎರಡನೇ ಪಂಚನಾಮೆ, ಬಂಧನ.

"ಮಾರಬೇಕು ಅಂತಿದ್ಯಾ?"

"ಛೆ, ಮಾತೆಯದನ್ನ ಮಾರ್ತೀನಾ?" ರೆಂಬೆರ್ತೊ ತಲೆ ತಗ್ಗಿಸಿದ. "ಹನ್ನೊಂದು ವರ್ಷ ವಾದ್ಯದವ್ರಿಗೆ ಹಾಡು ಕಲ್ಸಿ ಸಂಘಾನ ಕುಣಿಸ್ದೆ. ಈ ಸಲ ಹಬ್ಬದ ಯಜಮಾನಿಕೆ ನಂಗೆ ಅಂದಿದ್ರು. ನಿನ್ನೆ ಮೊನ್ನೆ ಬಂದೋನಿಗೆ ಕೊಟ್ರು. ಕಿರೀಟ ಇಲ್ದೆ ಅವನು ಹೆಂಗೆ ಮೆರವಣಿಗೆ ತೆಗೀತಾನೆ ನೋಡೋಣ ಅಂತ."

ಚೋಕೆ ಆ ಮಾತನ್ನು ಹಾಗೇ ಬರೆಸಿಕೊಂಡರು.

ಗುರುವಾರ ಸಂಘದ ವಾದ್ಯದವರು ಠಾಣೆ ಬಾಗಿಲಿಗೇ ಬಂದರು. ಹಿಡಿದು ತಂದವರೇ ಕ್ಷಮೆ ಕೇಳಿ, ಬಿಡುಗಡೆಯಾದ ಹಿಲಾರಿಯಾಳ ಟೋಪಿಯ ಮೇಲೆ ಬಣ್ಣದ ಕಾಗದದ ಚೂರು ಸುರಿದು, ಠಾಣೆಯಿಂದ ಬಿಡಿಸಿಕೊಂಡ ಕಿರೀಟವನ್ನು ಅವಳ ಕೈಗಿಟ್ಟರು. ಕಹಳೆಗಳು ಮೊಳಗಿದವು. ಅದೇ ಹೊತ್ತಿಗೆ ರೆಂಬೆರ್ತೊನನ್ನು ಜೈಲಿನ ವ್ಯಾನಿಗೆ ಹತ್ತಿಸುತ್ತಿದ್ದರು. ವಾದ್ಯದವರು ಮುಜುಗರದಿಂದ ಕಹಳೆ ಇಳಿಸಿದರು.

"ಯಾಕ್ರೋ ನಿಲ್ಸಿದ್ರಿ?" ಹಿಲಾರಿಯಾ ಗದರಿದಳು. "ಜೋರಾಗಿ ಊದ್ರೋ. ಅವನು ಕಲ್ಸಿದ್ದೇ ಅಲ್ವಾ, ಕೇಳ್ಕೊಂಡು ಹೋಗ್ಲಿ!"

ಹೀಗೆ ಆ ಗುರುವಾರ ಇಬ್ಬರೂ ಠಾಣೆಯಿಂದ ಹೊರಟರು, ಒಂದೇ ಹಾಡಿನಲ್ಲಿ.