ಬರಿಹೊಟ್ಟೆಯ ಬೆಳಗು

"ಇದೂ ಕಾಫಿಯೇ," ಎಂದಳು ಸಂಶೋಧಕಿ, ಪರದೆಯ ಮೇಲಿನ ಗೆರೆಗಳಿಂದ ಕಣ್ಣು ಕೀಳದೆ. "ಬರೀ ಹೊಟ್ಟೆಯಲ್ಲಿ ಮೂತ್ರ ಕೊಡಿ ಅಂದಿದ್ದೆ ತಾನೆ?"

ಕನ್ನಡಕದ ಅಂಗಡಿಯವನು ಪೆಚ್ಚಾಗಿ ನಕ್ಕ. "ಮರೆತುಹೋಯ್ತು."

"ಹೋದ ಸಲವೂ ಮರೆತಿದ್ರಿ."

"ಮತ್ತೆ ಬರಲಾ?"

ಅವಳು ಹುಬ್ಬೇರಿಸಿದಳು. ಆ ಹುಬ್ಬು ಇಳಿಯುವಾಗ ಕಣ್ಣಂಚಿನಲ್ಲಿ ಮೂಡುವ ನಗುವಿಗಾಗಿಯೇ ಅವನು ಬೆಳಗಾಗೆದ್ದು ಬಸ್ಸು ಹಿಡಿಯುತ್ತಿದ್ದ. ಇಂದು ಅದು ಮೂಡಲಿಲ್ಲ.

ಅವನ ಅಕ್ಕನಿಗೆ ಕರುಳಿನ ಕ್ಯಾನ್ಸರ್ ಇದೆಯೆಂದು ತಿಳಿದದ್ದು ತಡವಾಗಿ. ಮಲಪರೀಕ್ಷೆ ಎಂದರೆ ನಾಚಿ ದಿನ ತಳ್ಳಿದ್ದಳು. ಅಂಥವರಿಗಾಗಿಯೇ ಈ ಸಂಶೋಧಕಿ, ಆ ರೋಗ ಮೂತ್ರದಲ್ಲಿ ಬಿಟ್ಟುಹೋಗುವ ರಾಸಾಯನಿಕ ಗುರುತುಗಳನ್ನು ಹುಡುಕುತ್ತಿದ್ದಳು. ಜನ ಮೂಗು ಮುಚ್ಚಿಕೊಳ್ಳುವುದನ್ನು ಅವಳು ಬೆಳಕಿಗೆ ಹಿಡಿದು ನೋಡುವಾಗ, ದಿನವಿಡೀ ಗಾಜು ಒರೆಸುವ ಅವನಿಗೆ, ನೋಡುವುದೆಂದರೆ ಏನೆಂದು ಈಗ ತಿಳಿಯಿತು ಅನ್ನಿಸುತ್ತಿತ್ತು.

ಅಕ್ಕ ಮಂಚದಿಂದಲೇ ಛೇಡಿಸುತ್ತಿದ್ದಳು: "ಉಚ್ಚೆ ಕೊಟ್ಟು ಬರೋಕೆ ಇಸ್ತ್ರಿ ಶರ್ಟು ಯಾಕೋ?"

"ನಾಳೆಯೇ ಕೊನೆಯ ಅವಕಾಶ," ಎಂದಳು ಸಂಶೋಧಕಿ. "ಒಂದೇ ಮನೆ, ಒಂದೇ ಅಡುಗೆ. ಒಬ್ಬರಿಗೆ ರೋಗ, ಇನ್ನೊಬ್ಬರಿಗಿಲ್ಲ. ಅದಕ್ಕೇ ಹೋಲಿಸಿ ನೋಡೋಕೆ ನಿಮ್ಮನ್ನೂ ಅಕ್ಕನನ್ನೂ ಜೋಡಿ ಮಾಡಿದ್ದು. ನಿಮ್ಮದು ಕೆಟ್ಟರೆ ಅಕ್ಕನದನ್ನೂ ಚೆಲ್ಲಬೇಕು."

"ಅಕ್ಕನ ಹತ್ರ ಇನ್ನೊಂದು ಸಲ ಕೇಳಿದ್ರಾಯ್ತು."

"ಗಡ್ಡೆ ತೆಗೆದಾಯ್ತಲ್ಲ. ಆಪರೇಷನ್ನಿಗೆ ಮುಂಚಿನದ್ದನ್ನ ಈಗ ಎಲ್ಲಿಂದ ತರಲಿ?"

ಅವನಿಗೆ ನೆನಪಾಯಿತು. ಆಪರೇಷನ್ನಿಗೆ ಮುಂಚಿನ ಆ ಬೆಳಿಗ್ಗೆ ಅಕ್ಕ ಹೊಟ್ಟೆ ಹಿಡಿದುಕೊಂಡು, ಗೋಡೆ ಸವರುತ್ತ ಬಾಟಲಿ ತಂದುಕೊಟ್ಟಿದ್ದಳು. 'ನನಗಂತೂ ತಡವಾಯ್ತು, ಇನ್ನೊಬ್ಬಳಿಗೆ ಆಗಬಾರದು' ಎಂದಿದ್ದಳು.

"ಮರೆತಿರಲಿಲ್ಲ," ಎಂದ. "ಮೊದಲ ಸಲ ಮರೆತದ್ದು ನಿಜ. ಈ ಸಲ ಬೇಕೂಂತಲೇ ಕುಡಿದೆ. ಸರಿಯಾಗಿ ಕೊಟ್ಟುಬಿಟ್ರೆ, ನಿಮ್ಮನ್ನ ನೋಡೋಕೆ ನೆಪ ಇರಲ್ಲವಲ್ಲ."

ಯಂತ್ರವೊಂದು ಗುಂಯ್‌ಗುಡುತ್ತಲೇ ಇತ್ತು. ಅವಳು ಪರದೆ ಬಿಟ್ಟು ಅವನತ್ತ ತಿರುಗಿದಳು.

"ಬಾಯಿಬಿಟ್ಟು ಕೇಳಬಹುದಿತ್ತು. ನನ್ನ ಕೆಲಸಕ್ಕೆ ಯಾಕೆ ಕೈ ಹಾಕಿದ್ರಿ?"

ದನಿ ಏರಲಿಲ್ಲ. ಅದೇ ಅವನನ್ನು ಚುಚ್ಚಿತು.

ಮರುದಿನ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ. ಬಾಟಲಿ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಕೂತ. ಹೋಗಿ ಅಂತಲೂ ಅವಳು ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ. ಬಿಸಿಲು ನೆತ್ತಿಗೇರಿದಾಗ ಒಳಗೆ ಕರೆದಳು.

ಪರದೆಯ ಮೇಲೆ ಎರಡು ಗೆರೆ. ಅಕ್ಕನದರಲ್ಲಿ ಒಂದೆಡೆ ಸಣ್ಣ ದಿಬ್ಬ. ಅದೇ ಜಾಗದಲ್ಲಿ ಅವನದು ಸಪಾಟು.

"ಬೇರೆ ಜೋಡಿಗಳಲ್ಲೂ ಹೀಗೇ ಬರ್ತಿದೆ," ಎಂದಳು. ಬೆರಳು ಆ ದಿಬ್ಬದ ಮೇಲಿತ್ತು. "ಇನ್ನೂ ತುಂಬ ಜನರಲ್ಲಿ ನೋಡಬೇಕು. ಆದ್ರೂ, ದಾರಿ ತಪ್ಪಿಲ್ಲ ಅನ್ಸುತ್ತೆ. ನಿಮ್ಮಕ್ಕನಿಗೆ ಹೇಳಿ."

ಅವನು ಗೆರೆ ನೋಡುವುದು ಬಿಟ್ಟು ಅವಳ ಮುಖ ನೋಡುತ್ತಿದ್ದ. ಇಷ್ಟು ದಿನದ ದುಡಿಮೆಯೆಲ್ಲ ಅಲ್ಲಿ ಬೆಳಗುತ್ತಿತ್ತು.

"ನಿಮ್ಮ ಪಾಲಿನದು ಮುಗೀತು. ಇನ್ನು ಇಲ್ಲಿಗೆ ಬರಬೇಕಾಗಿಲ್ಲ."

ತಲೆಯಾಡಿಸಿ ಎದ್ದ. ಬಾಗಿಲವರೆಗೆ ಕಾಲೆಳೆದುಕೊಂಡು ನಡೆದ.

"ರೀ," ಎಂದಳು, ಕೈಗವಸು ಕಳಚುತ್ತ. "ಅಧ್ಯಯನದಲ್ಲಿ ಇರೋರ ಜೊತೆ ನಾವು ಹೊರಗೆ ಓಡಾಡೋ ಹಾಗಿಲ್ಲ. ಈಗ ನೀವು ಅದರಲ್ಲಿಲ್ಲ."

ಅವನು ತಿರುಗಿದ.

"ಅಂಗಡಿ ಎಷ್ಟು ಹೊತ್ತಿಗೆ ಮುಚ್ತೀರಿ?"