ಯಾವ ಎಸ್ಟೇಟಿನ ರೈಟರು?

"ಯಾವ ಎಸ್ಟೇಟಲ್ಲಿ ರೈಟರ್ ಆಗಿದೀರಿ?"

ಹೆಣ್ಣಿನ ಅಪ್ಪ, ತೋಟದಾಳುಗಳ ಮೇಸ್ತ್ರಿ ಅರುಳಪ್ಪ ಹೀಗೆ ಕೇಳಿದ್ದೇ ತಡ, ನನ್ನ ಸೋದರತ್ತೆ ತೆರೇಸಮ್ಮ ಎಂಥ ಎಡವಟ್ಟು ಮಾಡಿದ್ದಾಳೆಂದು ನನಗೆ ಹೊಳೆಯಿತು. "ನಮ್ಮ ಹುಡುಗ ಇನ್ನಾಸಿ, ರೈಟರ್" ಎಂದು ಹೇಳಿ ಕಳಿಸಿದ್ದಳು. ಸುಳ್ಳೇನಲ್ಲ. ನಾನು ಹುಡುಗರಿಗೆ ಸಾಹಸದ ಕಾದಂಬರಿ ಬರೆಯುವವನು. ಆದರೆ ಹೆಗ್ಗದ್ದೆ ಕಡೆಯ ಕಾಫಿ ತೋಟಗಳಲ್ಲಿ ರೈಟರ್ ಎಂದರೆ ಬೇರೆ. ಬೆಳಗ್ಗೆ ಆಳುಗಳ ಹಾಜರಿ ಬರೆಯುವವನು, ಕ್ವಾರ್ಟರ್ಸು ಸಿಕ್ಕಿರುವವನು, ತಿಂಗಳ ಸಂಬಳದವನು.

"ಎಸ್ಟೇಟ್ ಇಲ್ಲ. ಆಲೂರಲ್ಲಿ ನಮ್ಮನೇಲೇ ಬರೀತೀನಿ," ಎಂದೆ.

"ಆಲೂರಲ್ಲಿ ಕೂತ್ಕಂಡು ಹಾಜರಿ ಹೆಂಗೆ ಬರೀತೀರಿ?"

ಒಳಬಾಗಿಲ ಪರದೆಯ ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು.

"ಕತೆ ರೈಟರ್ ಕಣಣ್ಣ," ಎಂದಳು ಅತ್ತೆ. "ಹುಡುಗ್ರು ಕಾಡಿಗೋಗದು, ಗುಹೆ, ಕಳ್ಳರು, ಹುಲಿ. ಚರ್ಚ್ ಸ್ಕೂಲಿನ ಮಕ್ಕಳೆಲ್ಲ ಓದ್ತವೆ."

"ಅಂದ್ರೆ ನಡೀದೇ ಇರೋದನ್ನ ಬರೆಯೋದು. ಮತ್ತೆ ಕೆಲಸ?"

"ಅದೇ ನನ್ನ ಕೆಲಸ. ಹಗಲೊತ್ತು ಸಾಮಿಲ್ಲಲ್ಲಿ ಮರ ಎತ್ತುತೀನಿ."

"ಓದಿರೋದು?"

"ಎಂಟನೇ ಕ್ಲಾಸು. ಅದರಲ್ಲೂ ಅರ್ಧ."

ಮೇಸ್ತ್ರಿ ನಕ್ಕರು. ನಾನು ಎದ್ದೆ. ಬಡವನ ಮನೆಗೆ ಇನ್ನೊಬ್ಬ ಬಡವ ಹೋದರೂ ಈ ನಗು ತಪ್ಪುವುದಿಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಅತ್ತೆಯನ್ನು ಅಲ್ಲೇ ಬಿಟ್ಟು ದಾಪುಗಾಲು ಹಾಕಿದೆ.

ಮಾರ್ಚ್ ತಿಂಗಳು. ಹಿಂದಿನ ವಾರ ಮಳೆ ಹನಿದು ತೋಟಕ್ಕೆ ತೋಟವೇ ಬೆಳ್ಳಗೆ ಹೂ ಬಿಟ್ಟಿತ್ತು. ಸಿಟ್ಟಿನಲ್ಲಿದ್ದವನ ಮೂಗನ್ನೂ ಬಿಡದ ಪರಿಮಳ.

"ರೀ, ನಿಂತ್ಕಳ್ರೀ."

ತಿರುಗಿ ನೋಡಿದೆ. ಸೀರೆಯ ನೆರಿಗೆಯನ್ನು ಒಂದು ಕೈಲಿ ಎತ್ತಿ ಹಿಡಿದು ಮೇಸ್ತ್ರಿ ಮನೆಯ ಹುಡುಗಿ ಇಳಿಜಾರಿನಲ್ಲಿ ಓಡಿಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಒಂದೇ ಒಂದು ಚಪ್ಪಲಿ.

"ಇದು ನಿಮ್ದು. ನಿಮ್ಮ ಎಡಗಾಲಲ್ಲಿ ಇರೋದು ನಮ್ಮಪ್ಪಂದು."

ಕಾಲು ನೋಡಿಕೊಂಡೆ. ನಿಜ. ಒಂದು ಕಪ್ಪು, ಒಂದು ಕಂದು.

"ನಿಮ್ಮ ಕಿವಿ ಕೆಂಪಾಗೈತೆ," ಎಂದಳು. ಹುಬ್ಬಿನ ಕೆಳಗಿನಿಂದ ಒಂದು ಓರೆನೋಟ ಬಂತು; ಬಂದಷ್ಟೇ ಬೇಗ ಕಾಫಿ ಹೂವಿನ ಕಡೆ ತಿರುಗಿಬಿಟ್ಟಿತು. "ನಿಮ್ಮ ಬಿಸಿಲೆ ಕಾಡಿನ ಪುಸ್ತಕ ಓದಿದೀನಿ. ನಾನು ಲೂರ್ದು. ಲೂರ್ದು ಮೇರಿ."

ಸಿಟ್ಟು ಅರ್ಧಕ್ಕರ್ಧ ಇಳಿಯಿತು. "ಹೆಂಗಿತ್ತು?"

"ಚೆನ್ನಾಗೈತೆ. ಆನೆ ಬರೋದೊಂದು ಬಿಟ್ಟು."

"ಆನೆಗೇನಾಗಿದೆ?"

"ಆನೆಗೇನಾಗಿಲ್ಲ. ಹುಡುಗಂಗೆ ಏನೋ ಆಗೈತೆ. ಆನೆ ಎದುರಿಗೆ ಬಂದ್ರೆ ಮಂಡಿಯೂರಿ ಜಪಮಾಲೆ ಹಿಡೀತಾನೆ. ಆನೆ ತಲೆ ಬಗ್ಗಿಸಿ ಹೋಗ್ಬುಡ್ತದೆ. ಹೋದ ವರ್ಷ ನಮ್ಮ ಕೂಲಿ ಲೈನ್ ಮನೆಗಳ ಹಿಂದ್ಗಡೆ ನನಗೆ ಆನೆ ಎದುರಾಯ್ತು. ನಾನೇನ್ ಮಾಡ್ದೆ ಗೊತ್ತಾ?"

"ಏನು?"

"ಓಡ್ದೆ. ಜಪ ಹೇಳ್ಕಂಡೇ ಓಡ್ದೆ. ಓಡೋರ ಜಪ ದೇವಮಾತೆಗೆ ಕೇಳಿಸಲ್ವಾ?"

ಆ ಪುಟವನ್ನು ನಾನು ಕಣ್ಣೀರು ತುಂಬಿಕೊಂಡು ಬರೆದಿದ್ದೆ. ಓದಿದ ಫಾದರ್ ಒಬ್ಬರು ತಲೆಯ ಮೇಲೆ ಕೈಯಿಟ್ಟು ಹರಸಿದ್ದರು. "ನಿಮಗೆ ವಿಶ್ವಾಸ ಕಮ್ಮಿ," ಎಂದೆ.

"ನಿಮಗೆ ಆನೆ ಕಮ್ಮಿ," ಎಂದಳು. ಅಪ್ಪನ ಚಪ್ಪಲಿ ಇಸಿದುಕೊಂಡು ಹೊರಟೇ ಹೋದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ. ಮರುದಿನ ಬೆಳಗ್ಗೆ ಹೊಸ ಕಾದಂಬರಿಯ ಹಾಳೆ ತೆಗೆದು, ಎಂದಿನಂತೆ ಮೇಲೊಂದು ಶಿಲುಬೆ ಗುರುತು ಹಾಕಿ ಕೂತರೆ ಒಂದು ಸಾಲೂ ಬರಲಿಲ್ಲ. ನನ್ನ ಹುಡುಗರೆಲ್ಲ ಮಂಡಿಯೂರಿಕೊಂಡು ಸುಮ್ಮನೆ ಕೂತಿದ್ದರು. ಎದ್ದು ಓಡಿದ್ದು ಒಬ್ಬಳೇ, ನೆರಿಗೆ ಎತ್ತಿ ಹಿಡಿದು.

ಭಾನುವಾರ, ಹೆಗ್ಗದ್ದೆ ಕಡೆಯವರೆಲ್ಲ ಬರುವ ಸಕಲೇಶಪುರದ ಚರ್ಚಿಗೆ ಹೋದೆ. ಪೂಜೆ ಮುಗಿದ ಮೇಲೆ ಮೆಟ್ಟಿಲ ಬಳಿ ಸಿಕ್ಕಳು.

"ಆಲೂರಲ್ಲಿ ಚರ್ಚಿಲ್ವಾ?"

"ಅಲ್ಲಿ ಆನೆ ಕಂಡೋರು ಯಾರಿಲ್ಲ."

ತುಟಿ ಕಚ್ಚಿಕೊಂಡಳು. ಕೆನ್ನೆ ಮಾತ್ರ ನಕ್ಕುಬಿಟ್ಟಿತು. ಅವತ್ತು ಹೇಳಿದಳು: ಓಡುವಾಗ ಕಾಲಿಗಿಂತ ಮುಂಚೆ ಗಂಟಲು ಒಣಗುತ್ತದಂತೆ. ಭಯಕ್ಕೆ ಜಪದ ಮಾತು ಮರೆತು ಬರೀ "ಅಮ್ಮಾ, ಅಮ್ಮಾ" ಅಂದಿದ್ದಳಂತೆ. ಹೇಳುವಾಗ ಅವಳ ಬೆರಳು ಸೆರಗಿನ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇತ್ತು. ನಾನು ಕೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚು.

ಭಾನುವಾರಗಳು ಹೀಗೇ ಕಳೆದವು. ಕಾದಂಬರಿಯೊಳಗೆ ಒಬ್ಬ ಹುಡುಗಿ ಬಂದಳು. ಬುತ್ತಿ ಕಟ್ಟಿ ಕೊಡುವುದಕ್ಕಲ್ಲ, ಹುಡುಗರಿಗೆ ದಾರಿ ತೋರಿಸುವುದಕ್ಕೆ.

ಮೇಸ್ತ್ರಿಗೆ ಸುದ್ದಿ ಮುಟ್ಟದಿರುತ್ತದೆಯೇ? ಒಂದು ದಿನ ಸಾಮಿಲ್ಲಿಗೇ ಬಂದರು. ನಾನು ಜಗಳಕ್ಕೆಂದು ತೋಳು ಮಡಚಿ ನಿಂತರೆ, ಅವರು ತಗ್ಗಿದ ದನಿಯಲ್ಲೇ ಮಾತಾಡಿದರು.

"ನಮ್ಮ ರೈಟರ್ ಕೆಲಸ ಬಿಡ್ತಾವ್ನೆ. ಸಾಹುಕಾರ್ರ ಹತ್ರ ಮಾತಾಡಿದೀನಿ. ನಿಜವಾದ ರೈಟರ್ ಆಗು ಇನ್ನಾಸಿ. ಮಗಳನ್ನ ಕೊಡ್ತೀನಿ. ಇಲ್ಲ ಅಂದ್ರೆ ಚರ್ಚ್ ಕಡೆ ಸುಳೀಬೇಡ."

ಮುಂಜಾನೆ ಹಾಜರಿ, ಸಂಜೆ ಸ್ಟೋರಿನ ಲೆಕ್ಕ. ಬರೆಯಲು ನನಗಿದ್ದದ್ದೇ ಬೆಳಗಿನ ಹೊತ್ತು, ಅದೂ ಹೋಗುತ್ತದೆ. ಹೋಗಲಿ ಎಂದುಕೊಂಡೆ. ಪುಸ್ತಕಕ್ಕೆ ಓರೆನೋಟ ಬರುವುದಿಲ್ಲವಲ್ಲ.

ಮುಂದಿನ ಭಾನುವಾರ ಹೇಳಿದರೆ ಲೂರ್ದುವಿನ ಮುಖ ಕಪ್ಪಿಟ್ಟಿತು.

"ಒಪ್ಕಂಡ್ರಾ?"

"ಇನ್ನೂ ಇಲ್ಲ. ನಾಳೆ ಒಪ್ಕೋತೀನಿ. ನಿನಗೋಸ್ಕರ."

"ಹಾಜರಿ ಬರೆಯೋರೇ ಬೇಕಿದ್ರೆ ನಮ್ಮ ಲೈನಲ್ಲೇ ಸಿಗ್ತಿದ್ರು. ನಂಗೋಸ್ಕರ ಕತೆ ಬರೆಯೋದು ಬಿಟ್ಬುಟ್ಟು, ಆಮೇಲೆ ಜೀವಮಾನವೆಲ್ಲ ನನ್ನ ಮುಖ ಕಂಡಾಗೆಲ್ಲ ಉರ್ಕೋತೀರ. ನಿಮ್ಮ ಸಿಟ್ಟು ನಂಗೊತ್ತಿಲ್ವಾ?"

"ಮತ್ತೇನ್ ಮಾಡ್ಲಿ ಹೇಳು."

ಶಿಲುಬೆ ಗುರುತು ಹಾಕಿಕೊಂಡಳು. "ಅಪ್ಪಂಗೆ ಓದಕ್ಕೆ ಬರಲ್ಲ. ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಒಂದು ಕತೆ ಓದಿ ಹೇಳಿಲ್ಲ. ಸಾಯಂಕಾಲ ಮನೆಗೆ ಬನ್ನಿ. ಬರ್ದಿರೋದಷ್ಟೂ ತನ್ನಿ."

ಹೋದೆ. ಮೇಸ್ತ್ರಿ ಜಗಲಿಯಲ್ಲಿ ಬೀಡಿ ಹಚ್ಚಿ ಕೂತಿದ್ದರು. "ಏನು, ಒಪ್ಗೆನಾ?" ಎಂದರು.

"ಮೊದ್ಲು ಇದನ್ನ ಕೇಳಪ್ಪ," ಎಂದು ಲೂರ್ದು ನನ್ನ ಕೈಯಿಂದ ಹಾಳೆ ಕಸಿದುಕೊಂಡು ಓದತೊಡಗಿದಳು. ನನ್ನ ಮಾತುಗಳು ಅವಳ ಬಾಯಲ್ಲಿ ನನ್ನವೇ ಅಲ್ಲವೆನ್ನುವಷ್ಟು ಚೆಂದವಾಗಿದ್ದವು. ಮೇಸ್ತ್ರಿ ಮೊದಲು ಆಕಳಿಸಿದರು. ಆಮೇಲೆ ತಡೆದರು. "ಅಂಥ ಬಿಸಿಲ ಹೊತ್ನಲ್ಲಿ ಆನೆ ಹಳ್ಳ ಬಿಟ್ಟು ಮೇಲಕ್ ಬರಲ್ಲ ಕಣೋ."

"ತಿದ್ತೀನಿ," ಎಂದೆ. ಬೇರೆ ಯಾರಾದರೂ ಹೇಳಿದ್ದರೆ ಜಗಳವಾಗಿರುತ್ತಿತ್ತು.

ಇನ್ನೊಂದು ಹಾಳೆ ದಾಟುವಷ್ಟರಲ್ಲಿ ಬೀಡಿ ಆರಿತ್ತು. ಹುಡುಗರನ್ನು ಆಚೆ ದಡ ಸೇರಿಸಿ ತಾನು ಹಿಂದುಳಿದ ಹುಡುಗಿ ಹಳ್ಳದ ನಡುವಿನ ಬಂಡೆಯ ಮೇಲೆ. ಎರಡು ಕಡೆಯೂ ಆನೆ. ಲೂರ್ದು ನಿಲ್ಲಿಸಿದಳು.

"ಆಮೇಲೆ?" ಎಂದರು ಮೇಸ್ತ್ರಿ.

"ಬರೆದಿರೋದು ಅಷ್ಟೇ," ಎಂದೆ. "ಹಾಜರಿ ಬರೆಯಕ್ಕೆ ಬಂದ್ರೆ ಆಮೇಲಿಂದು ಬರೆಯಕ್ಕಾಗಲ್ಲ. ನಂಗೆ ಲೂರ್ದು ಬೇಕು ಮಾವ. ಆ ಕೆಲಸ ಬೇಡ."

ಜೀವನದಲ್ಲಿ ಮೊದಲ ಸಲ ಸಿಟ್ಟಿಲ್ಲದೆ ಆಡಿದ ದೊಡ್ಡ ಮಾತು ಅದು.

ಮೇಸ್ತ್ರಿ ಆರಿದ ಬೀಡಿಯನ್ನೇ ಎಳೆದರು. "ಅದಿರ್ಲಿ. ಆ ಹುಡುಗಿ ಬದುಕ್ತಾಳೋ ಇಲ್ವೋ? ಅಷ್ಟಾದ್ರೂ ಹೇಳು."

ನಾನು ಲೂರ್ದುವಿನ ಕಡೆ ನೋಡಿದೆ. "ಅವಳನ್ನೇ ಕೇಳಿ."

ಈ ಸಲ ಅವಳು ನೋಟ ತಿರುಗಿಸಲಿಲ್ಲ. ಅಪ್ಪನ ಎದುರಿಗೇ, ನೇರವಾಗಿ, ನನ್ನ ಕಣ್ಣಿನಲ್ಲೇ ಕಣ್ಣಿಟ್ಟಳು.

"ಬದುಕ್ತಾಳಪ್ಪ. ಇವರ ಜೊತೆ."

ಮೇಸ್ತ್ರಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ತಲೆ ಕೆರೆದುಕೊಂಡರು.

"ಫಾದರ್‌ಗೆ ಹೇಳಿ ಬರೋ ಭಾನುವಾರ ಪೂಜೇಲಿ ಮದ್ವೆಗೆ ನಿಮ್ಮಿಬ್ಬರ ಹೆಸರು ಕೂಗಿಸ್ತೀನಿ. ಈಗ ಬಾಯ್ಬುಡು ಮಾರಾಯ, ಆನೆ ಏನ್ ಮಾಡ್ತು?"