ಗುರವ್ವ ಮುಚ್ಚಿಕೊಟ್ಟ ಬ್ಯಾಟರಿ

ಆ ಮುಂಜಾನೆ ಹುನಗುಂದದ ಮೇಲೆ ಮಂಜು ಕವಿದಿತ್ತು. ಹಿಂಗಾರಿ ಮಳೆ ಹಿಂದಿನ ದಿನವಷ್ಟೇ ಸುರಿದು ನಿಂತಿತ್ತು. ಕರಿನೆಲ ಹಸಿ ಆವಿ ಬಿಡುತ್ತಿತ್ತು. ಬಸ್ ನಿಲ್ದಾಣದ ಎದುರಿನ ಬೇವಿನ ಮರ ಅರ್ಧ ಮಾತ್ರ ಕಾಣುತ್ತಿತ್ತು. ಶಿವನು ಊರಿಗೆಲ್ಲ ಒಂದು ಬಿಳಿ ಧೋತರ ಹೊದಿಸಿ, ಇನ್ನಷ್ಟು ಹೊತ್ತು ಮಲಗಿರಿ ಅಂದಂತಿತ್ತು.

ನಿಲ್ದಾಣದ ಪಕ್ಕದ ಕಾಶಪ್ಪನ ರಿಪೇರಿ ಅಂಗಡಿಯಲ್ಲಿ ಮಾತ್ರ ಆ ಶಾಂತಿ ಉಳಿಯಲಿಲ್ಲ.

ಧಡ್!

ಮಂಜಿನೊಳಗಿಂದ ಬಂದವನೊಬ್ಬ ತೋಳುದ್ದದ ಹಿತ್ತಾಳೆ ಬ್ಯಾಟರಿ ದೀಪವೊಂದನ್ನು ಟೇಬಲ್ ಮೇಲೆ ಕುಕ್ಕಿದ. ಅದರ ಬಾಯಿಂದ ಹೊಳೆಯ ನೀರು ಸುರಿದು, ಕಾಶಪ್ಪನ ಮಗಳು ಗುರುಲಿಂಗವ್ವ, ಎಲ್ಲರ ಬಾಯಲ್ಲಿ ಗುರವ್ವ, ಆಗಷ್ಟೇ ಬಿಚ್ಚಿಟ್ಟಿದ್ದ ರೇಡಿಯೋದ ಕೆಳಗೆ ಹರಿಯಿತು.

"ಏನ್ರಿ ಇದು! ಕಣ್ಣು ಕಾಣಂಗಿಲ್ಲೇನ್ರಿ?"

"ಕಾಣಂಗಿಲ್ಲರಿ! ನೀರಾಗ ಇದು ಆರಿದ್ರ ನನಗ ಏನೂ ಕಾಣಂಗಿಲ್ಲ. ಅದಕ್ಕ ಬಂದೇನಿ."

ಗುರವ್ವ ತಲೆ ಎತ್ತಿದಳು. ಎತ್ತರದ ಆಳು, ಕಣ್ಣು ಕೆಂಪು, ಮುಖದ ತುಂಬ ಸಿಟ್ಟು. ಆದರೆ ಆ ಸಿಟ್ಟಿನ ಹಿಂದೆ ನಿದ್ದೆಗೆಟ್ಟ ಮಗುವಿನ ಮುಖವೊಂದು ಇಣುಕುತ್ತಿತ್ತು...

"ಬಾಗಲಕೋಟ್ಯಾಗ ಒಬ್ಬಾಂವ ಸೆಲ್ ಸರಿ ಇಲ್ಲ ಅಂದ. ಇಳಕಲ್ಲಾಗ ಒಬ್ಬಾಂವ ಬಲ್ಬ್ ಬದಲಿ ಮಾಡಿ ಕಳಿಸಿದ. ಈ ಸೀಮ್ಯಾಗ ಖರೆ ಹೇಳಾವ್ರು ಯಾರರ ಅದಾರೇನು?"

"ಇಲ್ಲೇ ಕುಂತೇವಿ. ಮೊದಲ ಆ ನೀರು ಒರಸ್ರಿ."

ಅವನು ಗೊಣಗುತ್ತಲೇ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ. ಹೆಸರು ಶಂಕ್ರಪ್ಪ. ಊರು ಕೆರೂರ. ಮುಂಬೈ ಬಂದರಿನಲ್ಲಿ ಮುಳುಗುವ ಕೆಲಸ ಕಲಿತು ಬಂದವನು. ಕೂಡಲಸಂಗಮದ ಹತ್ತಿರ ಒಬ್ಬ ಕಂತ್ರಾಟದಾರ ಹೊಳೆ ದಂಡೆಗೆ ಕಲ್ಲಿನ ಗೋಡೆ ಕಟ್ಟಿಸುತ್ತಿದ್ದ. ನೀರೊಳಗೆ ಇಳಿದು ಅದರ ಬುಡ ಗಟ್ಟಿಯಿದೆಯೋ ಇಲ್ಲವೋ ನೋಡಿ ಹೇಳುವುದು ಇವನ ಕೆಲಸ.

"ಕೆರೂರಾ? ಅಲ್ಲಿ ಬಾವಿಗೂ ತಳ ಕಾಣತೈತಿ. ಅಂಥಾ ಊರಾಗ ಮುಣಗೂ ಹುಚ್ಚು ಎಲ್ಲಿಂದ ಬಂತ್ರಿ?"

"ನಗ್ರಿ, ನಗ್ರಿ. ಕಂತ್ರಾಟದಾರನೂ ನಗತಾನ. ದೀಪಾವಳಿಯೊಳಗ ಮುಗಸದಿದ್ರ ಮುಂಬೈಲಿಂದ ಬ್ಯಾರೆ ಮಂದಿ ತರಿಸಿ ನನ್ನ ಮನಿಗೆ ಕಳಸತಾನಂತ."

ಗುರವ್ವ ಬ್ಯಾಟರಿ ಬಿಚ್ಚಿ ನೋಡಿದಳು. ಮುಚ್ಚಳದ ರಬ್ಬರ್ ವಾಶರ್ ಸೀಳಿತ್ತು. ಹಳೆಯ ಟ್ರ್ಯಾಕ್ಟರ್ ಟ್ಯೂಬಿನಿಂದ ಹೊಸದೊಂದನ್ನು ಕತ್ತರಿಸುತ್ತ, ಸುಮ್ಮನೆ ಕೇಳಿದಳು: "ಆರಿದ್ರ ಏನಾಗತೈತ್ರಿ ಒಳಗ?"

ಅವನ ದನಿ ಇಳಿಯಿತು. "ಮ್ಯಾಲ ಯಾವುದು, ಕೆಳಗ ಯಾವುದು ತಿಳಿಯಂಗಿಲ್ಲರಿ. ನಡಕ್ಕ ಕಟ್ಟಿದ ಹಗ್ಗ ಒಂದ ಗತಿ. ಅದರ ತುದಿ ಹಿಡಕೊಂಡು ಅಹ್ಮದಸಾಬ ದೋಣ್ಯಾಗ ಕುಂತಿರತಾನ. ಆಂವ ಎಳದ ಕಡೆ ಮ್ಯಾಲ ಅಂತ ತಿಳಕೋಬೇಕು."

ಕತ್ತರಿ ಹಿಡಿದ ಗುರವ್ವನ ಕೈ ನಿಂತುಬಿಟ್ಟಿತು.

ಹೊಸ ವಾಶರ್ ಹಾಕಿ, ಬ್ಯಾಟರಿಯನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿಟ್ಟಳು. ಒಂದು ಗುಳ್ಳೆಯೂ ಏಳಲಿಲ್ಲ. ತೆಗೆದು ಒರೆಸಿ ಹೊಸ ಸೆಲ್ ತುಂಬಿದಳು. ಮುಚ್ಚಳ ಹಾಕಬೇಕು... ಅಷ್ಟರಲ್ಲಿ ಏನನ್ನಿಸಿತೋ, ಅಪ್ಪ ಆ ಕಡೆ ತಿರುಗಿದಾಗ ಗೂಡಿನಲ್ಲಿದ್ದ ವಿಭೂತಿ ಗಟ್ಟಿಗೆ ಮೂರು ಬೆರಳು ಉಜ್ಜಿ, ಮುಚ್ಚಳದ ಒಳಬಾಯಿಗೆ ಎಳೆದಳು.

'ಸಂಗಮನಾಥಾ, ಈ ಮನಿಶಾನ್ನ ಕತ್ತಲ್ಯಾಗ ಬಿಡಬ್ಯಾಡೋ ನಮ್ಮಪ್ಪಾ...'

ಗಟ್ಟಿಯಾಗಿ ತಿರುವಿ ಮುಚ್ಚಿಕೊಟ್ಟಳು. ಅವನು ಹೋದ ಮೇಲೆ ತನಗೇ ಬೆರಗು. ಇಷ್ಟು ವರ್ಷ ಎಷ್ಟು ರೇಡಿಯೋ, ಎಷ್ಟು ಪೆಟ್ರೋಮ್ಯಾಕ್ಸ್ ಈ ಕೈಯಿಂದ ಹೋಗಿವೆ! ಯಾವುದಕ್ಕೆ ಹಚ್ಚಿದ್ದೆ?

ವಾರ ತುಂಬುವ ಮೊದಲೇ ಶಂಕ್ರಪ್ಪ ಮತ್ತೆ ಬಂದ.

"ತೊಗೊಳ್ರಿ ನಿಮ್ಮ ಟ್ರ್ಯಾಕ್ಟರ್! ಹೊಳ್ಯಾಗ ಉಳುಮಿ ಮಾಡಿ ಬಂದೈತಿ!"

ಬ್ಯಾಟರಿ ತುಂಬ ನೀರು. ಗುರವ್ವನಿಗೆ ನಂಬಲಾಗಲಿಲ್ಲ. ತೊಳೆದು, ಒಣಗಿಸಿ, ಅವನ ಕಣ್ಣೆದುರೇ ಬಕೀಟಿನಲ್ಲಿಟ್ಟಳು. ಒಂದು ಹನಿ ಒಳಗೆ ಹೋಗಲಿಲ್ಲ!

"ನೋಡ್ರಿ! ನನ್ನ ಬಕೀಟನ್ಯಾಗ ಸೋರಂಗಿಲ್ಲ, ನಿಮ್ಮ ಹೊಳ್ಯಾಗ ಸೋರತೈತಿ. ಹೊಳಿನ ರಿಪೇರಿಗೆ ಹಾಕ್ರಿ!"

"ಹೊತಗೊಂಡು ಬರ್ಲೇನು ಹೊಳಿನ?"

"ನಿಮಗ ಮುಚ್ಚಳಾ ಹಿಡಿಯಾಕ ಬರಂಗಿಲ್ಲ!"

"ನಾ ಮುಚ್ಚಳಾ ಮುಟ್ಟೇ ಇಲ್ಲರಿ! ನೀವು ಹೆಂಗ ಕೊಟ್ರಿ ಹಂಗ ಇಳದೇನಿ!"

ಮೂಲೆಯಲ್ಲಿ ಕುಳಿತಿದ್ದ ಕಾಶಪ್ಪ ಕನ್ನಡಕದ ಮೇಲಿಂದ ನೋಡಿದ. "ಇಬ್ಬರೂ ಹೊರಗ ಹೋಗಿ ಜಗಳಾಡ್ರಿ. ಗಿರಾಕಿ ಓಡಿ ಹೋಗತಾರ."

ಆ ದಿನವೂ ಅವಳು ಮುಚ್ಚುವ ಮುನ್ನ ವಿಭೂತಿ ಹಚ್ಚಿದಳು. ಮುಂದಿನ ಸಲವೂ. ಪ್ರತಿ ಸಲ ಬ್ಯಾಟರಿ ನೀರು ಕುಡಿದು ಬಂತು. ಪ್ರತಿ ಸಲ ಜಗಳ ದೊಡ್ಡದಾಯಿತು. ಜಗಳ ಮುಗಿದ ಮೇಲೂ ಶಂಕ್ರಪ್ಪ ಬೆಂಚು ಬಿಟ್ಟು ಏಳುತ್ತಿರಲಿಲ್ಲ ಎಂಬುದನ್ನು ಗುರವ್ವ ಕಂಡೂ ಕಾಣದಂತಿದ್ದಳು. ಸಂಗಮದ ಬಸ್ಸು ಬಂದಾಗಲೆಲ್ಲ ಅವಳ ಕಣ್ಣು ಬಾಗಿಲಿಗೆ ಓಡುವುದನ್ನು ಅವಳಪ್ಪನೂ ಹಾಗೆಯೇ.

ಅಂಜಿಕೆ ಬೆಳೆದಂತೆ ವಿಭೂತಿಯ ಗೆರೆಗಳೂ ದಪ್ಪವಾದವು.

ದೀಪಾವಳಿ ಹತ್ತಿರ ಬಂತು. ಆ ಮಧ್ಯಾಹ್ನ ಬಂದ ಶಂಕ್ರಪ್ಪ ಕೂಗಾಡಲಿಲ್ಲ. ಬ್ಯಾಟರಿಯನ್ನು ಮೆಲ್ಲಗೆ ಇಟ್ಟ. ಗುರವ್ವ ಕೈಯಲ್ಲಿದ್ದ ಕೆಲಸ ಬದಿಗಿಟ್ಟಳು. ಇವರು ಬೈಯದೇ ಇದ್ದರೆ ಏನೋ ಆಗಿದೆ!

"ಕಲ್ಲಿನ ಸಂದ್ಯಾಗ ಕಾಲು ಸಿಕ್ಕಿತ್ತು," ಅಂದ ಅವನು. "ಆಗ ಆರಿತು. ಬಿಡಿಸಿಕೊಂಡು ಬರೂತನಕ... ಹೋಗ್ಲಿ ಬಿಡ್ರಿ. ಯಾರ ಕೆಲಸ ಅಂತ ಗೊತ್ತಾತು."

"ಯಾರದು?"

"ಅಹ್ಮದಸಾಬಂದು!"

ಮುಚ್ಚಳ ತಿರುವಿ, ವಾಶರ್ ಕೂಡುವ ಸಂದಿನಲ್ಲಿ ಅಂಟಿದ್ದ ಬೂದು ಬಣ್ಣದ ರಾಡಿ ತೋರಿಸಿದ. "ಸೆಲ್ ಸೋರಿದ ಪುಡಿ ಇದು. ಹಳೇ ಸೆಲ್ ಹಿಂಗ ಸೋರತಾವು. ಆಂವ ದೋಣಿ ಹಲಗಿ ಮ್ಯಾಲ ಸತ್ತ ಸೆಲ್ ಬಿಸಿಲಿಗೆ ಇಟ್ಟಿದ್ದನ್ನ ಕಣ್ಣಾರೆ ಕಂಡೇನಿ. ಮುಚ್ಚಳಾ ಬಿಚ್ಚಿ, ನನ್ನ ಹೊಸಾವು ತನ್ನ ರೇಡಿಯೋಕ್ಕ, ತನ್ನ ಮುದುಕಾವು ನನಗ! ಅದಕ್ಕ ನೀರು ಹೊಗತೈತಿ. ಎಲ್ಲರ ಮುಂದ ಬೈದು, ಕೈಯಾಗಿನ ಹಗ್ಗ ಕಸಗೊಂಡು ಕಳಿಸಿಬಿಟ್ಟೆ."

ಸತ್ತ ಸೆಲ್ಲಿಗೆ ಬಿಸಿಲು ತೋರಿಸಿದರೆ ಇನ್ನೆರಡು ದಿನ ಜೀವ ಹಿಡಿಯುತ್ತದೆಂದು ಆ ಸೀಮೆಯಲ್ಲಿ ಯಾರು ಇಟ್ಟಿಲ್ಲ? ಗುರವ್ವನ ಮನೆಯ ಮಾಳಿಗೆಯ ಮೇಲೂ ಇದ್ದವು. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ. ಬೆರಳ ತುದಿಯಿಂದ ಆ ರಾಡಿ ಮುಟ್ಟಿ, ಮೂಗಿನ ಹತ್ತಿರ ತಂದಳು.

ಸೆಲ್ಲಿನ ಕಟು ವಾಸನೆ ಇರಲಿಲ್ಲ. ದಿನಾ ಮುಂಜಾನೆ ತನ್ನ ಹಣೆಯಿಂದಲೇ ಬರುವ ತಣ್ಣನೆಯ ಪರಿಮಳ...

'ಅಯ್ಯೋ ಶಿವನೇ... ನಾನ!'

ಈಗ ಹೇಳಬೇಕು. ಆದರೆ ಹೇಗೆ? ಬೆಂಚಿನ ಮೇಲೆ ಗಿರಾಕಿಗಳಿದ್ದರು, ಮೂಲೆಯಲ್ಲಿ ಅಪ್ಪನಿದ್ದ. ವಿಭೂತಿ ಯಾಕೆ ಹಚ್ಚಿದೆ ಎಂದು ಯಾರಾದರೂ ಕೇಳಿದರೆ, ಆ ಉತ್ತರವನ್ನು ಬಸ್ ನಿಲ್ದಾಣದ ನಡುವೆ ಹೇಗೆ ಕೊಡುವುದು?

"ಬ್ಯಾಟರಿ ಬಿಟ್ಟು ಹೋಗ್ರಿ," ಅಂದಳು.

ಅವನು ಹೋದ ಮೇಲೆ ಆ ಸಂದು ತೊಳೆದು, ಏನೂ ಹಚ್ಚದೆ ಮುಚ್ಚಿ, ನೀರಲ್ಲಿಟ್ಟಳು. ದೀಪ ಹಚ್ಚುವ ಹೊತ್ತಾದರೂ ಒಳಗೆ ಒಣಗಿಯೇ ಇತ್ತು. ಮತ್ತೆ ವಿಭೂತಿ ಎಳೆದು ಮುಚ್ಚಿ ಮುಳುಗಿಸಿದಳು. ಬುಳು ಬುಳು... ಗುಳ್ಳೆಗಳ ಸಾಲು ಎದ್ದಿತು.

ಮೊದಲು ಬಕೀಟಿನಲ್ಲಿ ನೋಡುತ್ತಿದ್ದೆ, ಆಮೇಲೆ ಹಚ್ಚುತ್ತಿದ್ದೆ. ಗೊತ್ತಾಗುವುದಾದರೂ ಹೇಗೆ? ದೇವರಿಗೆ ಒಪ್ಪಿಸಿದವಳು ನೀರಿಗೆ ಹಾದಿ ಮಾಡಿಕೊಟ್ಟಿದ್ದೆ! ಸುಮ್ಮನಿದ್ದುಬಿಟ್ಟರೆ? ಬ್ಯಾಟರಿ ಇನ್ನು ಆರುವುದಿಲ್ಲ. ಯಾರಿಗೂ ತಿಳಿಯುವುದೂ ಇಲ್ಲ... ಆದರೆ ಹೊಳೆ ದಂಡೆಯಲ್ಲಿ ಒಬ್ಬ ವಯಸ್ಸಾದ ಮನುಷ್ಯ ಕಳ್ಳನೆನ್ನಿಸಿಕೊಂಡು ಕುಳಿತಿದ್ದಾನಲ್ಲ! ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬ್ಯಾಟರಿ ತೊಳೆದು, ಒಣಗಿಸಿ, ಏನೂ ಹಚ್ಚದೆ ಮುಚ್ಚಿ ಅಪ್ಪನಿಗೆ ಹೇಳಿದಳು: "ಯಪ್ಪಾ, ಇದನ್ನ ನಾನ ಸಂಗಮಕ್ಕ ಒಯ್ದು ಕೊಟ್ಟು ಬರ್ತೇನಿ."

ಕಾಶಪ್ಪ ಬಹಳ ಹೊತ್ತು ಮಗಳನ್ನೇ ನೋಡಿದ. "ಹೋಗಿ ಬಾರವ್ವಾ. ವಿಭೂತಿ ಗಟ್ಟಿ ಮಾತ್ರ ಇಲ್ಲೇ ಇಟ್ಟು ಹೋಗು. ಭಾಳ ಸವದೈತಿ."

ಅವಳ ಮುಖಕ್ಕೆ ರಕ್ತ ನುಗ್ಗಿತು. ಓಡಿ ಹೋಗಿ ಬಸ್ ಹತ್ತಿದಳು.

ಹೊಳೆ ತುಂಬು ಗರ್ಭಿಣಿಯಂತೆ ನಿಧಾನಕ್ಕೆ ನಡೆದಿತ್ತು. ದಂಡೆಯಲ್ಲಿ ಶಂಕ್ರಪ್ಪ ಹಗ್ಗ ಹಿಡಿದಿದ್ದ ಹೊಸ ಆಳಿನ ಮೇಲೆ ರೇಗುತ್ತಿದ್ದ. ಆ ಆಳು ತಂಬಾಕು ತಿಕ್ಕುತ್ತ ಆಕಾಶ ನೋಡುತ್ತಿದ್ದ. ಸ್ವಲ್ಪ ದೂರದಲ್ಲಿ ಬಿಳಿ ಗಡ್ಡದ ಅಹ್ಮದಸಾಬ ಕಲ್ಲಿನ ಮೇಲೆ ಕುಳಿತಿದ್ದ.

"ಕಳಿಸಿದ್ರೂ ಯಾಕ ಬಂದು ಕುಂದರತಿ?" ಶಂಕ್ರಪ್ಪ ಅವನ ಕಡೆ ತಿರುಗಿ ಸಿಡುಕಿದ.

"ಹಗ್ಗ ಕಸಗೊಂಡಿ. ಕಣ್ಣು ಕಸಗೊಂಡಿಲ್ಲಲ್ಲ? ನೀ ನೀರಿಂದ ಎದ್ದು ಬರೂತನಕ ನೋಡತೇನಿ. ಎದ್ದಿ ಅಂದ್ರ ಮನಿಗೆ ಹೋಗ್ತೇನಿ."

ಗುರವ್ವನಿಗೆ ಅಷ್ಟು ಸಾಕಾಯಿತು. ಇಬ್ಬರ ನಡುವೆ ಹೋಗಿ ನಿಂತಳು.

"ಕಾಕಾಂದು ಏನೂ ತಪ್ಪಿಲ್ಲರಿ. ಅದು ಸೆಲ್ಲಿನ ಪುಡಿ ಅಲ್ಲ. ವಿಭೂತಿ."

"ಏನು?!"

"ವಾಶರಿನ ಸಂದ್ಯಾಗ ಒಂದು ಹರಳು ಕುಂತ್ರೂ ಸಾಕು, ನೀರು ಹಾದಿ ಹುಡುಕತೈತಿ. ನಾ ಪ್ರತಿ ಸಲ ವಿಭೂತಿ ಹಚ್ಚಿ ಮುಚ್ಚತಿದ್ದೆ..."

"ಸಾಯಿಸಾಕ ಹೊಂಟಿದ್ರೇನ್ರಿ ನನ್ನ!"

"ಉಳಿಸಾಕ ಹೊಂಟಿದ್ದೆ!" ಅವಳ ಕಣ್ಣಿಂದ ನೀರು ಚಿಮ್ಮಿತು. "ತಪ್ಪಾತು... ಭಾಳ ದೊಡ್ಡ ತಪ್ಪಾತು. ಬೈರಿ. ಆದ್ರ ಕಾಕಾನ್ನ ಬೈಬ್ಯಾಡ್ರಿ."

ಶಂಕ್ರಪ್ಪ ಮೆಲ್ಲಗೆ ಕೇಳಿದ:

"ಎಲ್ಲಾ ಗಿರಾಕಿ ಬ್ಯಾಟರಿಗೂ ಹಚ್ಚತೀರೇನು?"

"ಇಲ್ಲ."

"ಪೆಟ್ರೋಮ್ಯಾಕ್ಸಿಗೆ?"

"ಇಲ್ಲ."

"ರೇಡಿಯೋಕ್ಕ?"

"ಇಲ್ಲ ಅಂದೆನಲ್ಲಾ! ಎಷ್ಟು ಕೇಳತೀರಿ! ನಿಮ್ಮ ಒಂದಕ್ಕ... ನಿಮ್ಮ ಒಂದಕ್ಕ ಅಷ್ಟ!"



"ಯಾ ಅಲ್ಲಾ!" ಅಹ್ಮದಸಾಬ ಗಡ್ಡ ನೀವಿಕೊಂಡ. "ಇಷ್ಟು ಬೈಕೊಂತ ಪ್ರೀತಿ ಮಾಡಾವ್ರನ್ನ ನಾ ಎಲ್ಲೂ ಕಂಡಿಲ್ಲ."

ಗುರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಶಂಕ್ರಪ್ಪ ಹತ್ತಿರ ಬಂದು ಅವಳ ಮುಂದೆ ತಲೆ ಬಾಗಿಸಿದ. ದನಿಯಲ್ಲಿ 'ರಿ' ಉಳಿದಿರಲಿಲ್ಲ.

"ಹಚ್ಚೂದಾದ್ರ ಇಲ್ಲಿ ಹಚ್ಚು. ಹಣಿಗೆ."

"ತಂದಿಲ್ಲ."

"ಬ್ಯಾಟರಿಗೆ ಇಷ್ಟು ಸಲ ಹಚ್ಚಿದಿ. ನನಗ ಒಮ್ಮೆ ತರಾಕ ಆಗಲಿಲ್ಲಾ?"

"ದಿನಾ ಹಚ್ಚಬೇಕಂದ್ರ..." ಸೆರಗಿನೊಳಗಿಂದಲೇ ಸಣ್ಣ ದನಿ ಬಂತು, "ನಮ್ಮ ಅಪ್ಪನ ಹತ್ರ ಬಂದು ಕೇಳ್ರಿ."

"ಇವತ್ತ ಬರ್ತೇನಿ. ಈ ಗೋಡಿ ಬುಡ ಒಂದು ನೋಡಿ ಬರ್ತೇನಿ, ತಡಿ."

"ಲಗೂನ ಬರ್ರಿ. ಸಂಜಿ ಬಸ್ ತಪ್ಪಿದ್ರ ಮತ್ತ ಜಗಳ."

ಅವನು ನಕ್ಕ. ಅವಳು ಅವನ ನಗು ನೋಡಿದ್ದು ಅದೇ ಮೊದಲು.

ಬ್ಯಾಟರಿ ತೆಗೆದುಕೊಂಡು ಎರಡು ಹೆಜ್ಜೆ ಹೋದವನು ನಿಂತ. ತಂಬಾಕು ತಿಕ್ಕುತ್ತಿದ್ದ ಆಳಿನ ಕೈಯಿಂದ ಹಗ್ಗದ ತುದಿ ಬಿಡಿಸಿಕೊಂಡ. ಕಲ್ಲಿನ ಹತ್ತಿರ ಹೋಗಿ ಅಹ್ಮದಸಾಬನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕುಳಿತ.

ಆ ಮುದುಕನ ಅಂಗೈ ಬಿಡಿಸಿ, ಹಗ್ಗವನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.